ಬರೀ ಬಾಡು ತಿಂದ್ರೆ ತೂಕ ಇಳಿಯುತ್ತಾ? ಕೋರಮಂಡಲ್‌ನಿಂದ ಒಂದು ಉತ್ತರ

1/9

ಫೋಟೋದಲ್ಲಿರೋದು ಬಂಗಾರಪೇಟೆ ಸ್ಟೇಷನ್, ಬೆಳಗಿನ ಹೊತ್ತು. ಮಾರಿಕುಪ್ಪಂನಲ್ಲಿ ಹೊರಟು ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬರೋ ರೈಲು ಇಲ್ಲಿಗೆ ತಲುಪೋ ಹೊತ್ತಿಗೆ ಕೂರೋಕೆ ಜಾಗ ಇರಲ್ಲ, ನಿಮಗೂ ಗೊತ್ತು. ಹೋದ ತಿಂಗಳು ನಮ್ಮ ಕ್ಲಾಸಿನವನೊಬ್ಬ ಅದೇ ರೈಲಿನ ಬಾಗಿಲ ಹತ್ರ ನಿಂತಿದ್ದ. ಕಣ್ಣು ಕತ್ತಲೆ ಬಂದು ಕುಸಿದ. ಪಕ್ಕದಲ್ಲಿದ್ದ ಒಬ್ಬರು ಅಣ್ಣ ಕಾಲರ್ ಹಿಡಿದು ಒಳಗೆ ಎಳೆಯದೇ ಇದ್ದಿದ್ರೆ ನಾನಿವತ್ತು ಬೇರೆ ಥರದ ಪೋಸ್ಟ್ ಹಾಕಬೇಕಾಗ್ತಿತ್ತು.

ಅವನು 19 ದಿನದಿಂದ ಬರೀ ಮಾಂಸ, ಮೊಟ್ಟೆ ತಿಂತಾ ಇದ್ದ. ಅನ್ನ ಇಲ್ಲ, ಮುದ್ದೆ ಇಲ್ಲ, ಸೊಪ್ಪಿಲ್ಲ, ಹಣ್ಣಿಲ್ಲ. ಬಂಗಾರಪೇಟೆಯಲ್ಲಿ ಇಳಿದ್ರೂ ಪಾನಿಪುರಿ ಕಡೆ ತಿರುಗಿ ನೋಡ್ತಿರಲಿಲ್ಲ (ಇದು ಮೊದಲೇ ಅನುಮಾನ ಬರಬೇಕಾಗಿದ್ದ ವಿಷಯ). ರೀಲ್ಸ್‌ನಲ್ಲಿ ನೋಡಿದ ಕಾರ್ನಿವೋರ್ ಡಯಟ್. 19 ದಿನಕ್ಕೆ ನಾಲ್ಕೂವರೆ ಕೆಜಿ ಇಳಿದಿತ್ತು. ಅದಕ್ಕೇ ಅವನ ವಾದ ಒಂದೇ: "ತೂಕ ಇಳೀತಾ ಇದೆ ತಾನೇ? ಅಂದ್ಮೇಲೆ ಇದು ಸರಿಯಾದ ಊಟ ತಾನೇ?"

ಈ ಸರಣಿ ಆ ಪ್ರಶ್ನೆಗೆ ಉತ್ತರ. ನಾನು ಡಾಕ್ಟರ್ ಅಲ್ಲ, ಓದ್ತಿರೋದು ಇತಿಹಾಸ. ಆದ್ರೆ ಈ ಪ್ರಶ್ನೆಗೆ 160 ವರ್ಷದ ಇತಿಹಾಸ ಇದೆ, ಅದರಲ್ಲಿ ಒಂದು ಭಾಗ ನಮ್ಮ ಸುತ್ತಮುತ್ತಲೇ ನಡೆದಿದೆ. ಎಡಕ್ಕೆ ಸರಿಸ್ತಾ ಬನ್ನಿ.

2/9

ಮೊದಲು ಲಂಡನ್‌ಗೆ ಹೋಗಿ ಬರೋಣ. 1862. ವಿಲಿಯಂ ಬ್ಯಾಂಟಿಂಗ್ ಅಂತ ಒಬ್ಬ ವ್ಯಾಪಾರಿ. ಕಸುಬು ಶವಸಂಸ್ಕಾರದ ಏರ್ಪಾಡು, ಅದೂ ರಾಜಮನೆತನದವರಿಗೆ ಮಾಡಿಕೊಡ್ತಿದ್ದ ಮನೆತನ. ವಯಸ್ಸು 65 ದಾಟಿತ್ತು, ತೂಕ 202 ಪೌಂಡ್, ಅಂದ್ರೆ 91 ಕೆಜಿ ಮೇಲೆ, ಎತ್ತರ ಐದಡಿ ಐದಿಂಚು. ಬಗ್ಗಿ ಶೂ ಲೇಸ್ ಕಟ್ಟೋಕಾಗ್ತಿರಲಿಲ್ಲ. ಮಂಡಿಗೆ ಭಾರ ಬೀಳಬಾರದು ಅಂತ ಮೆಟ್ಟಿಲನ್ನ ಹಿಂದುಹಿಂದಾಗಿ ಇಳೀತಿದ್ದ. ದೋಣಿ ಹುಟ್ಟು ಹಾಕಿದ, ಹಬೆ ಸ್ನಾನ ಮಾಡಿದ, ಯಾವುದೂ ಆಗಲಿಲ್ಲ. ಕೊನೆಗೆ ಕಿವಿ ಕೇಳಿಸ್ತಿಲ್ಲ ಅಂತ ವಿಲಿಯಂ ಹಾರ್ವೆ ಅನ್ನೋ ಕಿವಿ ಡಾಕ್ಟರ್ ಹತ್ರ ಹೋದ. ಆ ಡಾಕ್ಟರ್ ಹೇಳಿದ್ದು: ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡು.

ಒಂದು ವರ್ಷದಲ್ಲಿ 46 ಪೌಂಡ್, ಸುಮಾರು 21 ಕೆಜಿ ಇಳಿದ. ಖುಷಿಗೆ 1863ರಲ್ಲಿ ಸ್ವಂತ ಖರ್ಚಲ್ಲಿ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿ ಹಂಚಿದ. ಅದು ಎಷ್ಟು ಓಡಿತು ಅಂದ್ರೆ ಅವನ ಹೆಸರೇ ಕ್ರಿಯಾಪದ ಆಯ್ತು. ಸ್ವೀಡಿಷ್ ಭಾಷೆಯಲ್ಲಿ ಇವತ್ತಿಗೂ ಡಯಟ್ ಮಾಡೋದಕ್ಕೆ 'ಬಾಂತಾ' ಅಂತಾರೆ.

ಈಗಿನ ರೀಲ್ಸ್‌ನವರು ಬ್ಯಾಂಟಿಂಗ್‌ನನ್ನ ಮಾಂಸದ ಡಯಟ್‌ನ ತಾತ ಅಂತ ಕರೀತಾರೆ. ಆದ್ರೆ ಅವನ ತಟ್ಟೆ ನೋಡಿ. ಹೊತ್ತಿಗೆ ನಾಲ್ಕರಿಂದ ಆರು ಔನ್ಸ್ ಮಾಂಸ ಅಥವಾ ಮೀನು, ದಿನಕ್ಕೆ ಹೆಚ್ಚೂಕಮ್ಮಿ 400 ಗ್ರಾಂ. ಜೊತೆಗೆ ಆಲೂಗಡ್ಡೆ ಬಿಟ್ಟು ಬೇರೆ ತರಕಾರಿ, ಸ್ವಲ್ಪ ಹಣ್ಣು, ಒಣ ಟೋಸ್ಟ್ ಒಂದು ಚೂರು. ಮತ್ತೆ ದಿನಾ ಕೆಲವು ಗ್ಲಾಸ್ ವೈನ್! ಅಂದ್ರೆ ಅವನು ಬರೀ ಮಾಂಸ ತಿಂದವನೇ ಅಲ್ಲ. ಬಿಯರ್, ಸಕ್ಕರೆ, ಬೆಣ್ಣೆ ಹಚ್ಚಿದ ಬ್ರೆಡ್ಡು ಬಿಟ್ಟವನು. ಹೊಟ್ಟೆಗೆ ಹೋಗ್ತಿದ್ದದ್ದು ಒಟ್ಟಾರೆ ಕಮ್ಮಿ ಆಯ್ತು, ಇಳಿದ. ಹೊಗಳಿಕೆ ಮಾತ್ರ ಮಾಂಸಕ್ಕೆ ಹೋಯ್ತು.

3/9

ಈಗ ವಾಪಸ್ ಊರಿಗೆ. ಆ ಪುಸ್ತಕ ಬಂದು 12 ವರ್ಷಕ್ಕೆ, 1875ರಲ್ಲಿ, ಮೈಕೆಲ್ ಲವೆಲ್ ಅನ್ನೋ ಐರಿಷ್ ಮಾಜಿ ಸೈನಿಕನಿಗೆ ಕೋಲಾರದ ಕಡೆ ಚಿನ್ನ ಹುಡುಕೋಕೆ ಮೈಸೂರು ಸರ್ಕಾರದಿಂದ ಪರವಾನಗಿ ಸಿಕ್ತು. ಬೆಂಗಳೂರಿನ ಲವೆಲ್ಲೆ ರಸ್ತೆ ಅವನ ಹೆಸರಿನದ್ದೇ. ಊರ್ಗಾಂ ಹತ್ರ ಗುಂಡಿ ತೋಡೋಕೆ ಶುರು. ಮುಂದಿನ ವರ್ಷವೇ ಮಳೆ ಕೈಕೊಟ್ಟಿತು.

1876ರಿಂದ 78ರ ಬರ. ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲು ಇರುತ್ತೆ, ಅಷ್ಟೇ. ಜನಗಣತಿ ನೋಡಿ: 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಮೇಲೆ ಜನ. 1881ರಲ್ಲಿ 42 ಲಕ್ಷಕ್ಕೂ ಕಮ್ಮಿ. ಹತ್ತು ವರ್ಷದಲ್ಲಿ ಏರಬೇಕಾಗಿದ್ದ ಸಂಖ್ಯೆ ಎಂಟು ಲಕ್ಷದಷ್ಟು ಇಳಿದಿದೆ. ಬೌರಿಂಗ್‌ಪೇಟೆಯಲ್ಲಿ (ಬಂಗಾರಪೇಟೆಯ ಹಳೇ ಹೆಸರು) ಆಗಲೇ ರೈಲು ಇತ್ತು. ರೈಲು ಇದ್ದೂ ಜನ ಸತ್ತರು.

ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲೂ ಅದೇ ಕಥೆ. ಅಲ್ಲಿನ ಉತ್ತರ ಆರ್ಕಾಟ್, ಸೇಲಂ ಕಡೆಯಿಂದಲೇ ಮುಂದೆ ಕೆಜಿಎಫ್‌ಗೆ ಸಾವಿರಾರು ಮನೆಗಳು ಬಂದಿದ್ದು, ನಿಮ್ಮಲ್ಲಿ ಅರ್ಧ ಜನರ ಮನೆ ಸೇರಿ. ಬರ ಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯೋರಿಗೆ ಕೂಲಿ ಕೊಡ್ತಿದ್ರು. 1877ರ ಶುರುವಿನಲ್ಲಿ ವೈಸರಾಯ್ ಕಳಿಸಿದ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಖರ್ಚು ಉಳಿಸೋಕೆ ಅಂತ ಆ ಕೂಲಿಯ ಲೆಕ್ಕವನ್ನ ದಿನಕ್ಕೆ ಒಂದು ಪೌಂಡ್ ಧಾನ್ಯಕ್ಕೆ ಇಳಿಸಿದ, ಮೇಲೆ ಒಂದಿಷ್ಟು ಚಿಲ್ಲರೆ. ಒಂದು ಪೌಂಡ್ ಅಂದ್ರೆ 450 ಗ್ರಾಂ. ರಾಗಿಯ ಲೆಕ್ಕದಲ್ಲಿ ಹೇಳೋದಾದ್ರೆ ಸುಮಾರು 1,500 ಕ್ಯಾಲೊರಿ.

ಆ ನಂಬರ್ ಎಲ್ಲೋ ನೋಡಿದ ಹಾಗಿದೆ ಅಲ್ವಾ? ನಿಮ್ಮ ಫೋನಲ್ಲಿರೋ ಡಯಟ್ ಆ್ಯಪ್ ಕೊಡೋ ಗುರಿಯೂ ಎಷ್ಟೋ ಸಲ ಅಷ್ಟೇ.

4/9

ಮದ್ರಾಸ್‌ನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ಇದನ್ನ ಬಹಿರಂಗವಾಗಿ ವಿರೋಧಿಸಿದ. ದುಡಿಯೋ ದೇಹಕ್ಕೆ ಇಷ್ಟು ಸಾಲಲ್ಲ, ಧಾನ್ಯ ಜಾಸ್ತಿ ಬೇಕು, ಜೊತೆಗೆ ಬೇಳೆ, ತರಕಾರಿಯೂ ಬೇಕು ಅನ್ನೋದು ಅವನ ವಾದ. ಕೆಲವು ತಿಂಗಳಾದ ಮೇಲೆ ಸರ್ಕಾರ ಕೂಲಿ ಸ್ವಲ್ಪ ಏರಿಸಬೇಕಾಯ್ತು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ: ಆ ಕಾಮಗಾರಿಯಲ್ಲಿ ಕಲ್ಲು ಒಡೆದವರು ತಿಂದಿದ್ದು ಬರೀ ಧಾನ್ಯ. ರೀಲ್ಸ್ ಭಾಷೆಯಲ್ಲಿ 'ಪೂರ್ತಿ ಕಾರ್ಬ್ಸ್'. ಅವರ ತೂಕವೂ ಇಳೀತು. ಬ್ಯಾಂಟಿಂಗ್‌ನ ತೂಕ ಇಳಿದಿದ್ದಕ್ಕಿಂತ ಬೇಗ ಇಳೀತು. ಹಾಗಂತ ಅದನ್ನ ಯಾರಾದ್ರೂ ಒಳ್ಳೆ ಊಟ ಅಂತಾರಾ?

ನಮ್ಮ ಗೆಳೆಯನ ಪ್ರಶ್ನೆಗೆ ನನ್ನ ಉತ್ತರದ ಮೊದಲರ್ಧ ಇಲ್ಲೇ ಇದೆ. ಹೊಟ್ಟೆಗೆ ಬೇಕಾದ್ದಕ್ಕಿಂತ ಕಮ್ಮಿ ಹೋದ್ರೆ ತೂಕ ಇಳಿಯುತ್ತೆ, ತಿಂದಿದ್ದು ರಾಗಿಯಾದ್ರೂ ಸರಿ, ಮಾಂಸವಾದ್ರೂ ಸರಿ. ತಕ್ಕಡಿ ಮುಳ್ಳು ಊಟದ ಗುಣ ಹೇಳಲ್ಲ. ಏನು ಇಳೀತು (ಕೊಬ್ಬಾ, ನೀರಾ, ಮಾಂಸಖಂಡಾನಾ), ಎಷ್ಟು ದಿನ ನಿಲ್ಲುತ್ತೆ, ಬೇರೆ ಏನು ಕೆಡ್ತು, ಇದನ್ನೂ ಕೇಳಬೇಕು.

5/9

ಈ ಫೋಟೋ ನಮ್ಮನೆಯದ್ದು. ತಾತನ ಊಟದ ಕ್ಯಾರಿಯರ್. ಒಂದು ಕಡೆ ನೆಗ್ಗಿದೆ, ಅಜ್ಜಿ ಇನ್ನೂ ಎಸೆಯೋಕೆ ಬಿಟ್ಟಿಲ್ಲ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿ ನಿಜವಾಗಿ ಶುರುವಾಗಿದ್ದು. 1902ಕ್ಕೆ ಶಿವನಸಮುದ್ರದಿಂದ ಕರೆಂಟ್ ಬಂತು. ಗಣಿ ಇಳೀತಾ ಇಳೀತಾ ಚಾಂಪಿಯನ್ ರೀಫ್ಸ್‌ನಲ್ಲಿ ಮೂರು ಕಿಲೋಮೀಟರ್‌ಗಿಂತ ಕೆಳಕ್ಕೆ ಹೋಯ್ತು. ಅಷ್ಟು ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತೆ. ಅಲ್ಲಿ ಎಂಟು ಗಂಟೆ ಡ್ರಿಲ್ ಹಿಡಿಯೋರಿಗೆ ತೂಕ ಇಳಿಸೋ ಯೋಚನೆ ಇರಲಿಲ್ಲ, ಉಳಿಸೋ ಯೋಚನೆ ಇತ್ತು. ಕ್ಯಾರಿಯರ್‌ನಲ್ಲಿ ಇರ್ತಿದ್ದದ್ದು ಅನ್ನ ಇಲ್ಲ ಮುದ್ದೆ, ಸಾರು, ಸಂಬಳ ಆದ ವಾರ ಆದ್ರೆ ಮೇಲಿನ ಡಬ್ಬಿಯಲ್ಲಿ ನಾಲ್ಕು ತುಂಡು ಮಾಂಸ. ತಾತ ಹೇಳ್ತಿದ್ದದ್ದು ಬೇರೆ: ಮಾಂಸದ ದಿನ ಅನ್ನ ಜಾಸ್ತಿ ಹೋಗುತ್ತೆ.

ಕೆಜಿಎಫ್ ಲೈನ್ ಮನೆಗಳಲ್ಲಿ ಭಾನುವಾರ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ದನದ ಮಾಂಸ ಅಗ್ಗ, ಅದಕ್ಕೇ ಅದು ಬಡವರ ಮಾಂಸ. ಬೋಟಿ, ಈರಲು, ಕಾಲು, ತಲೆ, ಯಾವುದೂ ದಂಡ ಆಗ್ತಿರಲಿಲ್ಲ. ಉಳಿದಿದ್ದಕ್ಕೆ ಉಪ್ಪು, ಅರಿಶಿನ ಹಚ್ಚಿ ದಾರಕ್ಕೆ ಪೋಣಿಸಿ ಒಣಗಿಸೋದು. ಆಮೇಲೆ ವಾರವಿಡೀ ಒಂದೆರಡು ತುಂಡು ಸಾರಿನಲ್ಲಿ ಬಿದ್ದರೆ ಇಡೀ ಪಾತ್ರೆಗೆ ರುಚಿ. ಈ ಊಟದ ಪಕ್ಕದಲ್ಲೇ ಇನ್ನೊಂದು ಅಡುಗೆಮನೆಯೂ ಇತ್ತು, ಆಂಗ್ಲೋ ಇಂಡಿಯನ್ನರದ್ದು. ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಅದರ ಬಗ್ಗೆ ಪುಸ್ತಕಗಳನ್ನೇ ಬರೆದಿದ್ದಾರೆ. ಅಲ್ಲಿನ ಹಬ್ಬದ ಊಟ ಕೈಮಾ ಉಂಡೆಯ ಬಾಲ್ ಕರಿ. ಅದನ್ನೂ ತಿನ್ನೋದು ತೆಂಗಿನಹಾಲಿನ ಹಳದಿ ಅನ್ನದ ಜೊತೆ, ಪಕ್ಕದಲ್ಲಿ ಪೆಪ್ಪರ್ ವಾಟರ್. ಎರಡೂ ಅಡುಗೆಮನೆಯಲ್ಲಿ ಮಾಂಸ ಇತ್ತು. ಬರೀ ಮಾಂಸ ಎಲ್ಲೂ ಇರಲಿಲ್ಲ.

ಒಂದು ವಿಷಯ ಹೇಳದೆ ಮುಂದೆ ಹೋಗೋಕಾಗಲ್ಲ. ಇದೇ ಊಟಕ್ಕೆ ನಮ್ಮ ಊರಿನ ಮಕ್ಕಳು ಡಬ್ಬಿ ಮುಚ್ಚಳವನ್ನ ಅರ್ಧ ಮಾತ್ರ ತೆಗೆದು ತಿಂದವರು. ಏನು ತಂದಿದ್ದೀಯ ಅಂತ ಯಾರಾದ್ರೂ ಕೇಳಿದ್ರೆ 'ಮಟನ್' ಅನ್ನೋದು. ಈಗ ಅದೇ ಮಾಂಸವನ್ನ ಮರದ ಹಲಗೆ ಮೇಲಿಟ್ಟು ಅಂಗಿ ಇಲ್ಲದ ವಿದೇಶಿ ಒಬ್ಬ 'ಪೂರ್ವಜರ ಆಹಾರ' ಅಂದ್ರೆ ಎರಡು ಮಿಲಿಯನ್ ಲೈಕ್. ನನಗೆ ಹೊಟ್ಟೆಕಿಚ್ಚಾ? ಸ್ವಲ್ಪ ಇದೆ, ಒಪ್ಕೋತೀನಿ.

6/9

'ಪೂರ್ವಜರ ಆಹಾರ' ಅಂದಿದ್ದಕ್ಕೆ ಒಂದು ಸಣ್ಣ ಪೋಸ್ಟ್.

ನಮ್ಮ ಪೂರ್ವಜರು ಬರೀ ಮಾಂಸ ತಿಂತಿದ್ರು ಅಂತ ಆ ರೀಲ್ಸ್ ಹೇಳುತ್ತೆ. ನಮ್ಮವರ ಬಗ್ಗೆ ಕೇಳೋದಾದ್ರೆ ಬಳ್ಳಾರಿ ಹತ್ರ ಸಂಗನಕಲ್ಲು ಇದೆ. ಅಲ್ಲಿನ ನವಶಿಲಾಯುಗದ ಜನ, ಈಗ್ಗೆ ನಾಲ್ಕು ಸಾವಿರ ವರ್ಷ ಹಿಂದಿನವರು, ದನ ಸಾಕಿದ್ರು, ತಿಂತಾನೂ ಇದ್ರು, ಮೂಳೆ ಸಿಕ್ಕಿದೆ. ಅದೇ ಕಾಲದ ನೆಲೆಗಳಲ್ಲಿ ಸುಟ್ಟು ಕರಿಕಾದ ಕಾಳುಗಳೂ ಸಿಕ್ಕಿವೆ: ಹುರುಳಿ, ಹೆಸರು, ಕೊರಲೆ. ಅಂದ್ರೆ ಆಗಲೂ ಹುರುಳಿ ಸಾರು ಬಾಡು ಒಟ್ಟಿಗೇ ಇತ್ತು ಅಂದುಕೊಳ್ಳಬಹುದು. (ರಾಗಿ ಮಾತ್ರ ಆಮೇಲೆ ಆಫ್ರಿಕಾದಿಂದ ಬಂದಿದ್ದು. ಮುದ್ದೆಯೂ ನಮ್ಮ ಹಾಗೇ ವಲಸೆ ಬಂದು ಇಲ್ಲಿನದ್ದಾಗಿರೋದು.)

7/9

ಬರೀ ಮಾಂಸದ ಪ್ರಯೋಗ ನಿಜವಾಗಿಯೂ ನಡೆದಿದೆಯಾ? ನಡೆದಿದೆ. ವಿಲ್ಯಾಲ್ಮರ್ ಸ್ಟೆಫಾನ್ಸನ್ ಅಂತ ಉತ್ತರ ಧ್ರುವ ಸುತ್ತಿದ ಅನ್ವೇಷಕ. ಹಿಮದ ನಾಡಿನ ಇನುಯಿಟ್ ಜನರ ಜೊತೆ ವರ್ಷಗಟ್ಟಲೆ ಮೀನು, ಮಾಂಸ ತಿಂದು ಬದುಕಿದವನು. 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ನಿಗಾದಲ್ಲಿ ಅವನೂ ಇನ್ನೊಬ್ಬ ಸಂಗಾತಿಯೂ ಒಂದು ವರ್ಷ ಮಾಂಸವನ್ನಷ್ಟೇ ತಿಂದ್ರು. ಇಬ್ಬರೂ ಚೆನ್ನಾಗೇ ಇದ್ರು. ಇದನ್ನ ಮುಚ್ಚಿಡೋದು ತಪ್ಪು.

ಆದ್ರೆ ರೀಲ್ಸ್ ಬಿಟ್ಟುಬಿಡೋ ಭಾಗ ಇದು. ಶುರುವಿನಲ್ಲಿ ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ಟರು. ಕೆಲವೇ ದಿನದಲ್ಲಿ ಭೇದಿ, ಸುಸ್ತು. ಕೊಬ್ಬು ಸೇರಿಸಿದ ಮೇಲೆ ಸರಿಹೋದ. ಇಡೀ ವರ್ಷ ಅವರ ಶಕ್ತಿಯ ಮುಕ್ಕಾಲಿಗೂ ಹೆಚ್ಚು ಪಾಲು ಕೊಬ್ಬಿನಿಂದಲೇ. ಈರಲು, ಮೂತ್ರಪಿಂಡ, ಮಿದುಳು ಎಲ್ಲ ತಿಂದ್ರು. ನಮ್ಮ ಹುಡುಗ ತಿಂದಿದ್ದು ಚರ್ಮ ತೆಗೆದ ಕೋಳಿ ಎದೆ! ಇನ್ನೊಂದು: ಆ ಪ್ರಯೋಗಕ್ಕೆ ದುಡ್ಡು ಕೊಟ್ಟಿದ್ದು ಅಮೆರಿಕದ ಮಾಂಸ ವ್ಯಾಪಾರಿಗಳ ಸಂಘ. ಜೊತೆಗೆ, ಅವರು ತೂಕ ಇಳಿಸೋಕೆ ಅಂತ ಅದನ್ನ ಮಾಡಿದವರೂ ಅಲ್ಲ.

ಸರಿಸುಮಾರು ಅದೇ ಕಾಲಕ್ಕೆ ನಮ್ಮ ಕೆಳಗಿನ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅನ್ನೋ ಸೈನ್ಯದ ವೈದ್ಯ ಇಲಿಗಳಿಗೆ ಹಿಂದೂಸ್ತಾನದ ಬೇರೆಬೇರೆ ಜನರ ಊಟ ತಿನ್ನಿಸಿ ನೋಡ್ತಿದ್ದ. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಹಸಿ ತರಕಾರಿ, ವಾರಕ್ಕೊಮ್ಮೆ ಮಾಂಸ ಇದ್ದ ಸಿಖ್ಖರ ಊಟದ ಇಲಿಗಳು ಚೆನ್ನಾಗಿ ಬೆಳೆದವು. ಪಾಲಿಶ್ ಅಕ್ಕಿಯ ಮದ್ರಾಸಿ ಊಟದವು ಕೊನೆಗೆ. ಕನ್ನಡಿಗರ ಊಟವೂ ಆ ಪಟ್ಟಿಯ ಕೆಳಗಿನ ಅರ್ಧದಲ್ಲೇ. ಬ್ರಿಟಿಷರ 'ಯುದ್ಧವೀರ ಜನಾಂಗ' ಅನ್ನೋ ಹುಚ್ಚು ಇದರಲ್ಲೂ ಇದೆ, ಇಲಿ ಮನುಷ್ಯ ಅಲ್ಲ ಅನ್ನೋದೂ ನಿಜ. ಆದ್ರೂ ನೋಡಿ, ಗೆದ್ದ ತಟ್ಟೆಯಲ್ಲೂ ಮಾಂಸ ವಾರಕ್ಕೊಮ್ಮೆ. ಆ ಕೂನೂರಿನ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಈಗ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ ಆಗಿದೆ.

ಮುಂದೆ 1972ರಲ್ಲಿ ಅಮೆರಿಕದ ಡಾಕ್ಟರ್ ರಾಬರ್ಟ್ ಅಟ್ಕಿನ್ಸ್ ಪುಸ್ತಕ ಬಂತು, ಮಾಂಸ ಕೊಬ್ಬು ಎಷ್ಟಾದ್ರೂ ತಿನ್ನಿ, ಸಕ್ಕರೆ ಪಿಷ್ಟ ಬಿಡಿ ಅಂತ. ಅದಾಗಿ ನಾಲ್ಕೇ ವರ್ಷಕ್ಕೆ ಇನ್ನೊಬ್ಬ ಡಾಕ್ಟರ್ ಕಸಾಯಿಖಾನೆಯಲ್ಲಿ ಉಳಿದ ಚರ್ಮ, ಮೂಳೆಗಳಿಂದ ತೆಗೆದ ಪ್ರೋಟೀನ್ ದ್ರವವನ್ನಷ್ಟೇ ಕುಡಿಯೋ ಡಯಟ್ ತಂದ. ತೂಕ ಸರಸರ ಇಳೀತು. 1977, 78ರ ಹೊತ್ತಿಗೆ ಅಂಥ ದ್ರವ ಕುಡಿದವರಲ್ಲಿ ಸುಮಾರು 60 ಸಾವುಗಳು ಸರ್ಕಾರಕ್ಕೆ ವರದಿಯಾದವು. ಕೆಲವರ ಹೃದಯ ಇದ್ದಕ್ಕಿದ್ದ ಹಾಗೆ ಲಯ ತಪ್ಪಿತ್ತು.

8/9

ಈಗ ಬಂಗಾರಪೇಟೆ ರೈಲಿಗೆ ವಾಪಸ್. ಯಾಕೆ ಬಿದ್ದ?

ನಮ್ಮ ಈರಲು, ಮಾಂಸಖಂಡದಲ್ಲಿ ಗ್ಲೈಕೋಜನ್ ಅಂತ ಪಿಷ್ಟದ ದಾಸ್ತಾನು ಇರುತ್ತೆ, ಹತ್ತಿರಹತ್ತಿರ ಅರ್ಧ ಕೆಜಿ. ಒಂದೊಂದು ಗ್ರಾಂ ಜೊತೆ ಮೂರು ಗ್ರಾಂನಷ್ಟು ನೀರು ಅಂಟಿಕೊಂಡಿರುತ್ತೆ. ಅನ್ನ, ಮುದ್ದೆ ಪೂರ್ತಿ ನಿಲ್ಲಿಸಿದ್ರೆ ಆ ದಾಸ್ತಾನು ಖಾಲಿ, ನೀರೂ ಹೋಗುತ್ತೆ. ಮೊದಲ ವಾರದಲ್ಲಿ ಒಂದೂವರೆ, ಎರಡು ಕೆಜಿ ಹೀಗೇ ಹೋಗೋದು. ಕೊಬ್ಬು ಕರಗಿ ಅಲ್ಲ. ಆ ಹೊತ್ತಲ್ಲಿ ಮೂತ್ರದ ಜೊತೆ ಉಪ್ಪೂ ಜಾಸ್ತಿ ಹೋಗುತ್ತೆ. ಬೆಳಗ್ಗೆ ಖಾಲಿ ಹೊಟ್ಟೆ, ತುಂಬಿದ ಬೋಗಿ, ನಿಂತೇ ಇರೋದು. ಡಾಕ್ಟರ್ ನೋಡಿ ಹೇಳಿದ್ದೂ ಅದನ್ನೇ: ನೀರು, ಉಪ್ಪು ಎರಡೂ ಕಮ್ಮಿಯಾಗಿ ಬಿಪಿ ಬಿದ್ದಿದೆ.

ಹಾಗಾದ್ರೆ ಕಾರ್ಬ್ಸ್ ಕಮ್ಮಿ ಮಾಡೋದೇ ಸುಳ್ಳಾ? ಅಲ್ಲ. ಪ್ರೋಟೀನ್ ಹೊಟ್ಟೆ ತುಂಬಿಸುತ್ತೆ, ಹಸಿವು ತಡೆಯುತ್ತೆ, ಅದು ನಿಜ. ನಮ್ಮ ದೇಶದವರ ಊಟದಲ್ಲಿ ಶಕ್ತಿಯ ಶೇ. 62ರಷ್ಟು ಅಕ್ಕಿ, ಗೋಧಿ, ಸಕ್ಕರೆಯಂಥವುಗಳಿಂದಲೇ ಬರುತ್ತೆ ಅಂತ ಐಸಿಎಂಆರ್‌ನ ದೊಡ್ಡ ಸಮೀಕ್ಷೆ ಹೇಳಿದೆ. ಆ ರಾಶಿ ಅನ್ನ ಇಳಿಸಿ, ಕಾಳು ಮೊಟ್ಟೆ ಮಾಂಸ ಏರಿಸೋದರಲ್ಲಿ ಅರ್ಥ ಇದೆ. ಆದ್ರೆ 'ಕಮ್ಮಿ' ಬೇರೆ, 'ಸೊನ್ನೆ' ಬೇರೆ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರನ್ನ ಎರಡು ಗುಂಪು ಮಾಡಿ ಒಂದು ವರ್ಷ ನೋಡಿದ್ರು, ಒಂದಕ್ಕೆ ಕೊಬ್ಬು ಕಮ್ಮಿ, ಇನ್ನೊಂದಕ್ಕೆ ಕಾರ್ಬ್ಸ್ ಕಮ್ಮಿ. ಎರಡಕ್ಕೂ ತರಕಾರಿ ಜಾಸ್ತಿ ತಿನ್ನಿ, ಸಕ್ಕರೆ ಮೈದಾ ಬಿಡಿ ಅಂತ ಹೇಳಿದ್ರು. ವರ್ಷದ ಕೊನೆಗೆ ಒಂದು ಗುಂಪು ಸರಾಸರಿ 5.3 ಕೆಜಿ, ಇನ್ನೊಂದು 6 ಕೆಜಿ ಇಳಿದಿತ್ತು. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ.

ಬರೀ ಮಾಂಸದಲ್ಲಿ ನಾರು ಸೊನ್ನೆ, ಮಲಬದ್ಧತೆ ಗ್ಯಾರಂಟಿ ಅನ್ನಿ. ಕೆಲವರಿಗೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತೆ. ಯೂರಿಕ್ ಆಸಿಡ್, ಕಿಡ್ನಿ ಕಲ್ಲು ಇರೋರಿಗೆ ಇನ್ನೂ ತೊಂದರೆ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಇದನ್ನ ಮುಟ್ಟಲೇಬೇಡಿ, ಮಾತ್ರೆ ಹಳೇ ಊಟಕ್ಕೆ ಲೆಕ್ಕ ಹಾಕಿ ಕೊಟ್ಟಿರೋದು. ನನ್ನ ಫಾಲೋವರ್ಸ್‌ನಲ್ಲಿ ಹೈಸ್ಕೂಲ್ ಮಕ್ಕಳೂ ಇದ್ದೀರಿ. ನಿಮ್ಮ ಮೂಳೆ ಇನ್ನೂ ಬೆಳೀತಾ ಇದೆ, ರಾಗಿ ಸೊಪ್ಪು ಹಾಲು ಬಿಡೋ ವಯಸ್ಸಲ್ಲ ಇದು. ತೂಕದ ಬಗ್ಗೆ ಯಾರಾದ್ರೂ ಆಡಿಕೊಂಡ್ರೆ ನನಗೆ ಮೆಸೇಜ್ ಹಾಕಿ, ಊಟ ಬಿಡಬೇಡಿ.

9/9

ಕೊನೇ ಫೋಟೋ ಹೋದ ಭಾನುವಾರದ್ದು, ಅವನೇ ಒಪ್ಪಿ ಕೊಟ್ಟಿದ್ದು, ಕೈ ಮಾತ್ರ ಕಾಣುತ್ತೆ.

ಬಿದ್ದ ದಿನ ಸಂಜೆ ಅವರಮ್ಮ ಸಾರು ಅನ್ನ ಕಲಸಿ ಬಾಯಿಗಿಟ್ರಂತೆ, ಚಿಕ್ಕ ಮಗುಗೆ ಇಡೋ ಹಾಗೆ. ಒಂದೇ ವಾರಕ್ಕೆ ಎರಡು ಕೆಜಿ ವಾಪಸ್ ಬಂತು. ಹೋಗಿದ್ದ ನೀರು ಅದು. ಅವನಿಗೆ ಅದೇ ದೊಡ್ಡ ಸೋಲು ಅನ್ನಿಸಿ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನನಗೆ ಆಮೇಲೆ ಗೊತ್ತಾಗಿದ್ದು, ಇದೆಲ್ಲ ಶುರುವಾಗಿದ್ದು ಕ್ಲಾಸ್ ಗ್ರೂಪ್‌ನಲ್ಲಿ ಅವನ ಮೇಲೆ ಬಂದ ಒಂದು ಮೀಮ್‌ನಿಂದ. ಅದಕ್ಕೆ ನಗೋ ಎಮೋಜಿ ಒತ್ತಿದವರಲ್ಲಿ ನಾನೂ ಇದ್ದೆ.

ಈಗ ಅವನ ತಟ್ಟೆಯಲ್ಲಿ ಎರಡರ ಬದಲು ಒಂದು ಮುದ್ದೆ, ಅದೂ ಚಿಕ್ಕದು. ಬಸ್ಸಾರು, ಪಲ್ಯ ತಟ್ಟೆ ತುಂಬ. ದಿನಾ ಮೊಟ್ಟೆ, ಇಲ್ಲ ಹುರುಳಿಕಾಳು. ಭಾನುವಾರ ಮಾತ್ರ ಬಾಡು. ಸಂಜೆ ಕೋರಮಂಡಲ್‌ನಿಂದ ಸೈನೈಡ್ ದಿಬ್ಬದ ತನಕ ನಾವಿಬ್ಬರೂ ನಡೀತೀವಿ, ಅವನು ಮುಂದೆ, ನಾನು ಏದುಸಿರು ಬಿಡ್ತಾ ಹಿಂದೆ. ಎಂಟು ವಾರದಲ್ಲಿ ಎರಡು ಕೆಜಿ ಚಿಲ್ಲರೆ ಇಳಿದಿದ್ದಾನೆ. ರೀಲ್ಸ್ ಮಾಡೋವಷ್ಟು ಏನಿಲ್ಲ.

ಫೋಟೋದಲ್ಲಿ ಇರೋದು ಬೋಟಿ ಸಾರು. ಅವರಜ್ಜಿ ಮಾಡಿದ್ದು, ಡಬ್ಬಿಯಲ್ಲಿ ತಂದಿದ್ದ. ಮುಚ್ಚಳ ಪೂರ್ತಿ ತೆಗೆದಿಟ್ಟು ತಿಂದ್ವಿ.

#ಕೋರಮಂಡಲ್ #ಕೆಜಿಎಫ್ #ಬಂಗಾರಪೇಟೆ #ಊಟದಇತಿಹಾಸ